ಕಿರು ಎಲ್‌ಇಡಿ ಟಾರ್ಚ್‌ಗಳಲ್ಲಿ ಲಿಥಿಯಂ ಅಯಾನ್ ಸೆಲ್

ಅಂಗೈಯಲ್ಲಿ ಅಡಗುವ ಎಲ್‌ಇಡಿ ಟಾರ್ಚ್‌ಗಳಿಗೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಅಯಾನ್ ಸೆಲ್ ಇಂದಿನ ಮುಖ್ಯ ಶಕ್ತಿಮೂಲ. ಹಿಂದೆ ಮೂರು ದಪ್ಪ ಸೆಲ್ ತುಂಬಿದ ಮೊಳದುದ್ದದ ಟಾರ್ಚ್ ಕೊಡಲಾರದಷ್ಟು ಬೆಳಕನ್ನು ಈಗ ಹೆಬ್ಬೆರಳು ಗಾತ್ರದ ಒಂದೇ ಸೆಲ್ ಕೊಡುತ್ತದೆ. ಬೇಕೆಂದಾಗ ಹೆಚ್ಚು ಕರೆಂಟ್ ಕೊಡುವ ಸೆಲ್ಲಿನ ಶಕ್ತಿ ಇದಕ್ಕೆ ಅರ್ಧ ಕಾರಣ. ಬಿಳಿ ಎಲ್‌ಇಡಿ ಬೆಳಗಲು ಬೇಕಾದ ವೋಲ್ಟೇಜೂ ಈ ಸೆಲ್ ಕೊಡುವ ವೋಲ್ಟೇಜೂ ಬಹಳ ಹತ್ತಿರವಿರುವುದು ಉಳಿದರ್ಧ. ಆದರೆ ಇದೇ ಸೆಲ್ ಸಾಮಾನ್ಯ ಪೆನ್ಸಿಲ್ ಸೆಲ್ಲಿನ ಅಳತೆಯಲ್ಲೂ ಬರುತ್ತದೆ. ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವವರು ಬಹಳ. ಟಾರ್ಚ್ ಸುಟ್ಟುಹೋಗುವುದಕ್ಕೂ ಅಪರೂಪಕ್ಕೆ ಸೆಲ್ ಸಿಡಿಯುವುದಕ್ಕೂ ಈ ಅದಲುಬದಲು ಒಂದು ದೊಡ್ಡ ಕಾರಣ. ಗೂಡಿನಲ್ಲಿ ಸರಿಯಾಗಿ ಕೂತ ಮಾತ್ರಕ್ಕೆ ಸೆಲ್ ಆ ಟಾರ್ಚಿಗೆ ಹೊಂದಿತು ಎನ್ನಲಾಗದು. ನೋಡಬೇಕಾದದ್ದು ಅದರ ಮೈಮೇಲಿನ ವೋಲ್ಟೇಜನ್ನು.

ಹಿನ್ನೆಲೆ

ಕಿರು ಟಾರ್ಚಿನ ಎರಡು ಮುಖ್ಯ ಅಂಗಗಳ ಹಿಂದೆಯೂ ನೊಬೆಲ್ ಪ್ರಶಸ್ತಿ ಪಡೆದ ಸಂಶೋಧನೆ ಇದೆ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಕಮುರ 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನು ಹೊರತಂದರು. ಅದರ ಮೇಲೆ ಹಳದಿ ಬೆಳಕು ಸೂಸುವ ಫಾಸ್ಫರ್ ಎಂಬ ವಸ್ತುವಿನ ಲೇಪ ಕೊಟ್ಟಾಗ ಎರಡೂ ಬೆರೆತು ಬಿಳಿ ಬೆಳಕಾಯಿತು. ಇಂಥ ಬಿಳಿ ಎಲ್‌ಇಡಿ 1996ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ನಕಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಸಂದಿತು.

ಸೆಲ್ಲಿನ ಕಥೆ ಇನ್ನೂ ಹಿಂದಿನದು. ಲಿಥಿಯಂ ಅಯಾನುಗಳು ಪದರಪದರವಾದ ವಸ್ತುವಿನೊಳಗೆ ಹೊಕ್ಕು ಹೊರಬರಬಲ್ಲವು ಎಂಬುದನ್ನು ಬಳಸಿಕೊಂಡು 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮೊದಲ ಸೆಲ್ ರೂಪಿಸಿದರು. 1980ರಲ್ಲಿ ಜಾನ್ ಗುಡ್‌ಇನಫ್ ಲಿಥಿಯಂ ಕೋಬಾಲ್ಟ್ ಆಕ್ಸೈಡಿನ ಧನಾಗ್ರವನ್ನು ತೋರಿಸಿ ವೋಲ್ಟೇಜನ್ನು 4ರ ಸಮೀಪಕ್ಕೆ ಏರಿಸಿದರು. ಅಪಾಯಕಾರಿಯಾದ ಲಿಥಿಯಂ ಲೋಹದ ಬದಲು ಇಂಗಾಲದ ಋಣಾಗ್ರ ಬಳಸಿ 1985ರಲ್ಲಿ ಅಕಿರಾ ಯೋಶಿನೊ ಇದನ್ನು ಬಳಕೆಗೆ ಯೋಗ್ಯವಾಗಿಸಿದರು. ಸೋನಿ ಕಂಪನಿ 1991ರಲ್ಲಿ ಮಾರಾಟ ಆರಂಭಿಸಿತು. ಈ ಮೂವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಟಾರ್ಚಿಗೆಂದೇ ಈ ಸೆಲ್‌ಗಳನ್ನು ಯಾರೂ ವಿನ್ಯಾಸ ಮಾಡಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಗಳಿಗಾಗಿ 18650 ಎಂಬ ಅಳತೆಯ ಸೆಲ್ ಕೋಟಿಗಟ್ಟಲೆ ತಯಾರಾಗಿ ಅಗ್ಗವಾಯಿತು. 2008ರ ಟೆಸ್ಲಾ ರೋಡ್‌ಸ್ಟರ್ ಕಾರಿನ ಬ್ಯಾಟರಿಯಲ್ಲಿ ಇಂಥ 6,831 ಸೆಲ್‌ಗಳಿದ್ದವು. ಆ ದೊಡ್ಡ ಉದ್ಯಮದ ಬೆನ್ನಿಗೇ ಟಾರ್ಚ್ ತಯಾರಕರು ಸಾಗಿದರು.

ವೋಲ್ಟೇಜಿನ ಹೊಂದಾಣಿಕೆ

ಬಿಳಿ ಎಲ್‌ಇಡಿ ಚೆನ್ನಾಗಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಹೆಚ್ಚು ಕರೆಂಟ್ ಹರಿಸಿದಾಗ 3.5ರ ತನಕವೂ ಬೇಕಾದೀತು. ಅದಕ್ಕಿಂತ ಕೆಳಗಿಳಿದರೆ ಬೆಳಕು ಬೇಗ ಕುಸಿಯುತ್ತದೆ. ಸ್ವಲ್ಪವೇ ಮೇಲೇರಿದರೂ ಕರೆಂಟ್ ಬಹಳ ಏರಿ ಎಲ್‌ಇಡಿ ಕಾದುಹೋಗುತ್ತದೆ. 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್ ಇದನ್ನು ನೇರವಾಗಿ ಬೆಳಗಿಸಲಾರದು. ಎರಡು ಹಾಕಿದರೆ ಹೊಸದಿರುವಾಗ ಮಾತ್ರ 3 ವೋಲ್ಟ್ ಸಿಕ್ಕಿ ಬೇಗ ಇಳಿದುಬಿಡುತ್ತದೆ. ಮೂರು ಹಾಕಿದರೆ 4.5 ವೋಲ್ಟಾಗಿ, ಹೆಚ್ಚಿನದನ್ನು ಎಲ್ಲಾದರೂ ಕಳೆಯಬೇಕಾಗುತ್ತದೆ. ಅಗ್ಗದ ಟಾರ್ಚ್‌ಗಳಲ್ಲಿ ಮೂರು ಎಎಎ ಸೆಲ್ ಕೂರುವ ಪ್ಲಾಸ್ಟಿಕ್ ಗೂಡು ಇರುವುದು ಈ ಲೆಕ್ಕಕ್ಕೇ. ಒಂದೇ ಪೆನ್ಸಿಲ್ ಸೆಲ್ಲಿನಲ್ಲಿ ಎಲ್‌ಇಡಿ ಬೆಳಗಬೇಕಿದ್ದರೆ ವೋಲ್ಟೇಜನ್ನು ಏರಿಸುವ ಪುಟ್ಟ ವಿದ್ಯುತ್ ಮಂಡಲ ಬೇಕು. ಎಲ್‌ಇಡಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಇಂಥ ಮಂಡಲಗಳನ್ನು ಡ್ರೈವರ್ ಎನ್ನುತ್ತಾರೆ.

ಲಿಥಿಯಂ ಅಯಾನ್ ಸೆಲ್ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ತನ್ನ ಶಕ್ತಿಯ ಬಹುಪಾಲನ್ನು ಅದು 4ರಿಂದ 3.5 ವೋಲ್ಟಿನ ನಡುವೆ ಬಿಟ್ಟುಕೊಡುತ್ತದೆ. ಮೈಮೇಲೆ ಅಚ್ಚು ಮಾಡುವ 3.6 ಅಥವಾ 3.7 ವೋಲ್ಟ್ ಅದರ ಸರಾಸರಿ. 3 ವೋಲ್ಟಿಗೆ ಇಳಿದಾಗ ಸೆಲ್ ಬಹುತೇಕ ಖಾಲಿ. ಹಲವು ತಯಾರಕರು 2.5ನ್ನು ಕೊನೆಯ ಗೆರೆಯಾಗಿ ಇಡುತ್ತಾರೆ. ಎಲ್‌ಇಡಿಗೆ ಬೇಕಾದದ್ದಕ್ಕಿಂತ ಸೆಲ್ ವೋಲ್ಟೇಜ್ ಹೆಚ್ಚಿನ ಹೊತ್ತು ತುಸು ಮೇಲೇ ಇರುವುದರಿಂದ ಏರಿಸುವ ಗೋಜಿಲ್ಲ. ಕರೆಂಟನ್ನು ತಡೆದು ಹಿಡಿಯುವ ಸರಳ ಡ್ರೈವರ್ ಸಾಕು. ಎಎಂಸಿ7135 ಎಂಬ ಅಗ್ಗದ ಚಿಪ್ ಹೀಗೆ 350 ಮಿಲಿಆಂಪಿಯರನ್ನು ಸ್ಥಿರವಾಗಿ ಹರಿಯಬಿಡುತ್ತದೆ. ಹೆಚ್ಚು ಬೆಳಕು ಬೇಕಾದರೆ ಇದೇ ಚಿಪ್ಪುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸುತ್ತಾರೆ. ಉಳಿದ ವೋಲ್ಟೇಜ್ ಶಾಖವಾಗಿ ವ್ಯರ್ಥವಾಗುವುದು ನಿಜ. ಆದರೆ ಎಲ್‌ಇಡಿ 3.2 ವೋಲ್ಟ್ ಬಳಸುವಾಗ ಸೆಲ್ 4.2ರಲ್ಲಿದ್ದರೆ ಶೇ. 76ರಷ್ಟು ಶಕ್ತಿ ಎಲ್‌ಇಡಿಗೆ ತಲಪುತ್ತದೆ, ಸೆಲ್ 3.6ಕ್ಕೆ ಇಳಿದಾಗ ಇದು ಶೇ. 89. ಕೆಲವೇ ರೂಪಾಯಿಯ ಒಂದು ಚಿಪ್ಪಿನಿಂದ ಇಷ್ಟು ದಕ್ಷತೆ ಸಿಗುವುದು ದೊಡ್ಡ ಸಂಗತಿ. ಕಿರು ಟಾರ್ಚ್ ಇಷ್ಟು ಅಗ್ಗವಾಗಿ, ಇಷ್ಟು ಚಿಕ್ಕದಾಗಿ ಸಿಗುವಂತಾದದ್ದಕ್ಕೆ ಈ ಸರಳತೆಯೇ ಮೂಲ.

ಅಳತೆ ಮತ್ತು ಗುರುತು

ಉರುಳೆಯಾಕಾರದ ಸೆಲ್‌ಗಳ ಹೆಸರು ಅಂಕೆಯಲ್ಲೇ ಇದೆ. ಮೊದಲ ಎರಡು ಅಂಕೆ ಮಿಲಿಮೀಟರಿನಲ್ಲಿ ವ್ಯಾಸ, ನಂತರದ ಎರಡು ಉದ್ದ. ಕೊನೆಯ ಸೊನ್ನೆ ಉರುಳೆಯಾಕಾರವನ್ನು ಸೂಚಿಸುತ್ತದೆ. 18650 ಎಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. 14500 ಪೆನ್ಸಿಲ್ ಸೆಲ್ಲಿನ ಅಂದರೆ ಎಎ ಅಳತೆಯದು. 10440 ರಿಮೋಟ್‌ಗಳಿಗೆ ಹಾಕುವ ಎಎಎ ಅಳತೆಯದು. ಕ್ಯಾಮೆರಾಗಳಿಗೆಂದು ಬಂದ ಸಿಆರ್123ಎ ಎಂಬ ಗಿಡ್ಡ ಸೆಲ್ಲಿನ ಜಾಗದಲ್ಲಿ 16340 ಕೂರುತ್ತದೆ. 21700 ಇತ್ತೀಚಿನದು, ತುಸು ದೊಡ್ಡದು.

ಒಳ್ಳೆಯ 18650 ಸೆಲ್ಲಿನಲ್ಲಿ 3,400–3,500 ಮಿಲಿಆಂಪಿಯರ್ ಗಂಟೆಯಷ್ಟು, ಅಂದರೆ ಸುಮಾರು 12 ವಾಟ್-ಗಂಟೆಯಷ್ಟು ಶಕ್ತಿ ಹಿಡಿಯುತ್ತದೆ. 14500ರಲ್ಲಿ ಇದು 3 ವಾಟ್-ಗಂಟೆಯ ಸುತ್ತಮುತ್ತ. ಇಲ್ಲಿ ಗಮನಿಸಬೇಕಾದದ್ದಿದೆ: ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಶಕ್ತಿ ಇರುತ್ತದೆ. ನಿಧಾನವಾಗಿ ಬಳಸಿದರೆ ಆಲ್ಕಲೈನ್ ಅದನ್ನೆಲ್ಲ ಕೊಡುತ್ತದೆ. ಒಂದು ಆಂಪಿಯರ್ ಎಳೆದರೆ ಅದರ ವೋಲ್ಟೇಜ್ ಕುಸಿದು ಬಹುಭಾಗ ಒಳಗೇ ಉಳಿಯುತ್ತದೆ. ಲಿಥಿಯಂ ಅಯಾನಿನ ಮೇಲುಗೈ ಇರುವುದು ಬೇಕೆಂದಾಗ ಬೇಕಾದಷ್ಟು ಕರೆಂಟ್ ಕೊಡುವ ಶಕ್ತಿಯಲ್ಲಿ, ಮತ್ತೆ ಮುನ್ನೂರು ಐನೂರು ಸಲ ಚಾರ್ಜ್ ಆಗುವ ಬಾಳಿಕೆಯಲ್ಲಿ.

ಅಂಕೆಯ ಹಿಂದಿನ ಅಕ್ಷರಗಳೂ ಅರ್ಥವುಳ್ಳವು. ಐಸಿಆರ್ ಎಂದರೆ ಕೋಬಾಲ್ಟ್, ಐಎಂಆರ್ ಎಂದರೆ ಮ್ಯಾಂಗನೀಸ್, ಐಎನ್‌ಆರ್ ಎಂದರೆ ನಿಕಲ್ ಪ್ರಧಾನವಾದ ಧನಾಗ್ರ. ಐಎಫ್‌ಆರ್ ಎಂದಿದ್ದರೆ ಅದು ಲಿಥಿಯಂ ಕಬ್ಬಿಣ ಫಾಸ್ಫೇಟ್. ಈ ಕೊನೆಯದು ಶಾಖಕ್ಕೆ ಹೆಚ್ಚು ತಾಳಿಕೊಳ್ಳುತ್ತದೆ, ಬಾಳಿಕೆಯೂ ಹೆಚ್ಚು. ಆದರೆ ಅದರ ಸರಾಸರಿ ವೋಲ್ಟೇಜ್ 3.2, ಚಾರ್ಜಿನ ಮಿತಿ 3.65. ಮಾಮೂಲಿ 4.2 ವೋಲ್ಟಿನ ಚಾರ್ಜರಿಗೆ ಅದನ್ನು ಹಾಕಬಾರದು.

ಒಂದೇ ಅಳತೆ, ಬೇರೆ ಬೇರೆ ವೋಲ್ಟೇಜ್

ಪೆನ್ಸಿಲ್ ಸೆಲ್ ಅಳತೆಯಲ್ಲಿ ಇಂದು ಸಿಗುವ ವಸ್ತುಗಳನ್ನು ಸಾಲಾಗಿ ಇಟ್ಟರೆ ಗೊಂದಲ ಎಷ್ಟು ಸಹಜ ಎಂಬುದು ತಿಳಿಯುತ್ತದೆ. ಮಾಮೂಲಿ ಕಾರ್ಬನ್ ಮತ್ತು ಆಲ್ಕಲೈನ್ ಸೆಲ್‌ಗಳು 1.5 ವೋಲ್ಟಿನವು. ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ 1.2 ವೋಲ್ಟಿನದು. ಮೈಮೇಲೆ ಲಿಥಿಯಂ ಎಂದು ಬರೆದ, ಆದರೆ ಚಾರ್ಜ್ ಮಾಡಲಾಗದ ಕಬ್ಬಿಣ ಡೈಸಲ್ಫೈಡ್ ಸೆಲ್ ಕೂಡ 1.5 ವೋಲ್ಟಿನದೇ. 14500 ಲಿಥಿಯಂ ಅಯಾನ್ ಸೆಲ್ 3.7. ಇವೆಲ್ಲ ಸಾಲದೆಂಬಂತೆ, ಲಿಥಿಯಂ ಅಯಾನ್ ಸೆಲ್ಲಿನೊಳಗೇ ವೋಲ್ಟೇಜ್ ಇಳಿಸುವ ಚಿಪ್ ಸೇರಿಸಿ 1.5 ವೋಲ್ಟ್ ಕೊಡುವ ಸೆಲ್‌ಗಳೂ ಬಂದಿವೆ. ಲಿಥಿಯಂ ಎಂಬ ಒಂದು ಹೆಸರಿನಿಂದ ವೋಲ್ಟೇಜೂ ತಿಳಿಯದು, ಚಾರ್ಜ್ ಮಾಡಬಹುದೇ ಎಂಬುದೂ ತಿಳಿಯದು.

ಎರಡು ಪೆನ್ಸಿಲ್ ಸೆಲ್ಲಿನ ಟಾರ್ಚಿಗೆ ಎರಡು 14500 ಹಾಕಿದರೆ 3 ವೋಲ್ಟಿನ ಬದಲು 8.4 ವೋಲ್ಟ್ ಹೋಗುತ್ತದೆ. ಡ್ರೈವರ್ ಅದೇ ಗಳಿಗೆಯಲ್ಲಿ ಸತ್ತರೂ ಸತ್ತೀತು. ಒಂದೇ ಸೆಲ್ಲಿನ ಟಾರ್ಚಿನಲ್ಲಿ ಆಗುವುದು ಇನ್ನೂ ಮೋಸದ್ದು. ವೋಲ್ಟೇಜ್ ಏರಿಸುವ ಡ್ರೈವರಿಗೆ ಎಲ್‌ಇಡಿಗೆ ಬೇಕಾದದ್ದಕ್ಕಿಂತ ಹೆಚ್ಚಿನ ವೋಲ್ಟೇಜೇ ಒಳಬಂದರೆ ಅದು ಏನನ್ನೂ ನಿಯಂತ್ರಿಸಲಾರದು. ಕರೆಂಟ್ ತಡೆಯಿಲ್ಲದೆ ಎಲ್‌ಇಡಿಯೊಳಕ್ಕೆ ನುಗ್ಗುತ್ತದೆ. ಟಾರ್ಚ್ ಹಿಂದೆಂದೂ ಇಲ್ಲದಷ್ಟು ಪ್ರಖರವಾಗಿ ಬೆಳಗುವುದರಿಂದ ಬಳಸುವವರಿಗೆ ಖುಷಿಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಮೈ ಸುಡತೊಡಗುತ್ತದೆ, ಬೆಳಕು ನೀಲಿಗೆ ತಿರುಗುತ್ತದೆ, ಫಾಸ್ಫರ್ ಲೇಪ ಕೆಡುತ್ತದೆ. ಎಎಎ ಅಳತೆಯ ಟಾರ್ಚಿನಲ್ಲಿ ಅಪಾಯ ಸೆಲ್ಲಿನದೂ ಹೌದು: 10440 ಸೆಲ್ಲಿನ ಸಾಮರ್ಥ್ಯ 350 ಮಿಲಿಆಂಪಿಯರ್ ಗಂಟೆಯಷ್ಟೇ ಇರುವಾಗ ಟಾರ್ಚ್ ಒಂದು ಆಂಪಿಯರಿಗೂ ಮೇಲೆ ಎಳೆಯಬಹುದು. ಸಿಆರ್123ಎ ಕತೆಯೂ ಇದೇ. ಅದು 3 ವೋಲ್ಟಿನ, ಒಮ್ಮೆ ಮಾತ್ರ ಬಳಸುವ ಸೆಲ್. ಅಂಥ ಎರಡನ್ನು ಹಾಕುವ 6 ವೋಲ್ಟಿನ ಟಾರ್ಚಿಗೆ ಎರಡು 16340 ತುರುಕಿದರೆ ಮತ್ತೆ 8.4 ವೋಲ್ಟ್.

ಎರಡು ಬಗೆಯ ಸೆಲ್ಲನ್ನೂ ಒಪ್ಪುವಂತೆ ಕಟ್ಟಿದ ಟಾರ್ಚ್‌ಗಳಿವೆ. ಅಂಥವುಗಳ ಕೈಪಿಡಿಯಲ್ಲಿ 0.9–4.2 ವೋಲ್ಟ್ ಎಂಬಂತೆ ವ್ಯಾಪ್ತಿ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಒಪ್ಪುವುದಿಲ್ಲ ಎಂದೇ ತಿಳಿಯಬೇಕು.

ಸೆಲ್ಲಿನ ಒಳಗು ಮತ್ತು ಅಪಾಯ

ಸೆಲ್ಲಿನ ಧನಾಗ್ರ ಮತ್ತು ಋಣಾಗ್ರದ ತೆಳು ಹಾಳೆಗಳ ನಡುವೆ ಸೂಕ್ಷ್ಮರಂಧ್ರಗಳ ಪ್ಲಾಸ್ಟಿಕ್ ಪೊರೆಯೊಂದನ್ನು ಇಟ್ಟು ಸುತ್ತಿರುತ್ತಾರೆ. ಒಳಗೆ ತುಂಬಿದ ದ್ರವ ನೀರಿನದಲ್ಲ, ಬೆಂಕಿ ಹಿಡಿಯಬಲ್ಲ ಸಾವಯವ ದ್ರಾವಕ. ಸೆಲ್ ಜಖಂಗೊಂಡು, ಇಲ್ಲವೇ ಅತಿಯಾಗಿ ಚಾರ್ಜ್ ಆಗಿ ಒಳಗೇ ಶಾರ್ಟ್ ಆದರೆ ಶಾಖ ಹುಟ್ಟುತ್ತದೆ; ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೊರೆ ಕರಗುತ್ತದೆ. ಅಲ್ಲಿಂದ ಮುಂದೆ ಶಾಖವೇ ಶಾಖವನ್ನು ಹೆಚ್ಚಿಸುತ್ತ ಹೋಗುತ್ತದೆ. ಕೋಬಾಲ್ಟ್, ನಿಕಲ್ ಆಕ್ಸೈಡಿನ ಧನಾಗ್ರ ತಾನೇ ಆಮ್ಲಜನಕ ಬಿಡುವುದರಿಂದ ಹೊರಗಿನ ಗಾಳಿಯ ಹಂಗೂ ಈ ಬೆಂಕಿಗೆ ಬೇಕಿಲ್ಲ. ಹೊರಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲ ಇರುತ್ತದೆ.

ಮೊಬೈಲಿನಲ್ಲಿ ಹೀಗಾದರೆ ಬ್ಯಾಟರಿ ಉಬ್ಬುವುದು ಕಾಣುತ್ತದೆ. ನೀರು ಒಳಬಾರದಂತೆ ರಬ್ಬರ್ ಉಂಗುರ ಹಾಕಿ ಬಿಗಿಮಾಡಿದ ಲೋಹದ ಟಾರ್ಚಿನಲ್ಲಿ ಏನೂ ಕಾಣದು. ಅನಿಲಕ್ಕೆ ಹೊರಬರಲು ದಾರಿಯೂ ಇಲ್ಲ. ಒತ್ತಡ ಏರಿ ಮುಚ್ಚಳವೋ ಗಾಜೋ ಹಾರುತ್ತದೆ. ಎರಡು ಸೆಲ್‌ಗಳನ್ನು ಸರಣಿಯಲ್ಲಿ ಹಾಕಿದಾಗ ಅಪಾಯ ಹೆಚ್ಚು. ಎರಡರಲ್ಲಿ ಬಡವಾದದ್ದು ಮೊದಲು ಖಾಲಿಯಾಗುತ್ತದೆ, ಬಲವಾದದ್ದು ಅದರ ಮೂಲಕವೇ ಕರೆಂಟ್ ನೂಕಿ ಅದನ್ನು ಉಲ್ಟಾ ಧ್ರುವಕ್ಕೆ ಎಳೆಯುತ್ತದೆ. ಹೊಸದರ ಜೊತೆ ಹಳೆಯದನ್ನು, ಒಂದು ಕಂಪನಿಯ ಜೊತೆ ಇನ್ನೊಂದನ್ನು ಸೇರಿಸಬಾರದೆನ್ನುವುದು ಈ ಕಾರಣಕ್ಕೆ. ಮನೆಬಳಕೆಗೆ ಒಂದೇ ಸೆಲ್ಲಿನ ಟಾರ್ಚ್ ಕೊಳ್ಳುವುದೇ ಲೇಸು. ಈ ತಾಪತ್ರಯ ಅದರಲ್ಲಿಲ್ಲ, ಇಂದಿನ ಎಲ್‌ಇಡಿಗೆ ಎರಡನೆಯ ಸೆಲ್ಲಿನ ಅಗತ್ಯವೂ ಅಷ್ಟಾಗಿಲ್ಲ.

ಪೂರ್ತಿ ಖಾಲಿ ಮಾಡುವುದೂ ಸೆಲ್ಲಿಗೆ ಕೆಡುಕು. ವೋಲ್ಟೇಜ್ ತೀರ ಕೆಳಗಿಳಿದರೆ ಋಣಾಗ್ರವನ್ನು ಹೊತ್ತ ತಾಮ್ರದ ಹಾಳೆ ಕರಗತೊಡಗುತ್ತದೆ. ಮುಂದೆ ಚಾರ್ಜ್ ಮಾಡುವಾಗ ಆ ತಾಮ್ರ ಎಲ್ಲೆಂದರಲ್ಲಿ ಕೂತು ಪೊರೆಯನ್ನು ದಾಟಿ ಶಾರ್ಟ್ ಉಂಟುಮಾಡಬಹುದು. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದು 2 ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ಮತ್ತೆ ಜೀವಂತ ಮಾಡಲು ಹೋಗದೆ ಬಿಟ್ಟುಬಿಡಬೇಕು.

ಇದನ್ನೆಲ್ಲ ತಡೆಯಲು ಕೆಲವು ಸೆಲ್‌ಗಳ ತಳದಲ್ಲಿ ಬಿಲ್ಲೆಯಾಕಾರದ ರಕ್ಷಣಾ ಮಂಡಲ ಇರುತ್ತದೆ. ವೋಲ್ಟೇಜ್ 4.25–4.3 ದಾಟಿದರೆ, 2.5ರ ಆಸುಪಾಸಿಗೆ ಇಳಿದರೆ, ಇಲ್ಲವೇ ಕರೆಂಟ್ ಮಿತಿ ಮೀರಿದರೆ ಅದು ಸಂಪರ್ಕ ಕಡಿಯುತ್ತದೆ. ಈ ಬಿಲ್ಲೆಯಿಂದ ಸೆಲ್ಲಿನ ಉದ್ದ ಮೂರು ನಾಲ್ಕು ಮಿ.ಮೀ. ಹೆಚ್ಚಿ ಕೆಲವು ಟಾರ್ಚಿನಲ್ಲಿ ಕೂರುವುದೇ ಇಲ್ಲ. ಇನ್ನೊಂದು ತೊಡಕು ಬಳಕೆಯದು. ಹಳೆಯ ಟಾರ್ಚ್ ಮಂಕಾಗುತ್ತ ಆಗುತ್ತ ಮುನ್ಸೂಚನೆ ಕೊಡುತ್ತಿತ್ತು. ರಕ್ಷಣಾ ಮಂಡಲ ಯಾವ ಸೂಚನೆಯೂ ಇಲ್ಲದೆ ಥಟ್ಟನೆ ಕಡಿದುಬಿಡುತ್ತದೆ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಬದುವಿನ ಮೇಲೆ ನಡೆಯುವ ನಮ್ಮ ರೈತರಿಗೆ, ಹಾವು ಮಲಗಿರಬಹುದಾದ ಜಾಗದಲ್ಲಿ ಒಮ್ಮೆಲೇ ಕತ್ತಲಾಗುವುದು ಸಣ್ಣ ಮಾತಲ್ಲ. ವೋಲ್ಟೇಜ್ ಇಳಿದಂತೆ ತಾನೇ ಬೆಳಕು ತಗ್ಗಿಸುವ, ಇಲ್ಲವೇ ಮಿನುಗಿ ಎಚ್ಚರಿಸುವ ಡ್ರೈವರುಳ್ಳ ಟಾರ್ಚ್ ಅಂಥವರಿಗೆ ಸರಿ.

ಚಾರ್ಜ್ ಮಾಡುವ ಕ್ರಮ

ಲಿಥಿಯಂ ಅಯಾನ್ ಸೆಲ್ಲಿಗೆ ಮೊದಲು ಸ್ಥಿರವಾದ ಕರೆಂಟ್ ಕೊಡಬೇಕು, 4.2 ವೋಲ್ಟ್ ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು, ಕರೆಂಟ್ ತಾನಾಗಿ ಕ್ಷೀಣಿಸಿದಾಗ ನಿಲ್ಲಿಸಬೇಕು. ನಿಕಲ್ ಸೆಲ್ಲಿನ ಚಾರ್ಜರ್ ಈ ಕ್ರಮ ಅನುಸರಿಸುವುದಿಲ್ಲ, ಆದ್ದರಿಂದ ಅದನ್ನು ಬಳಸಬಾರದು. 18650ಕ್ಕೆ ಒಂದು ಆಂಪಿಯರ್ ಆರಾಮ. 14500ಕ್ಕೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ಟಾರ್ಚಿನಲ್ಲೇ ಯುಎಸ್‌ಬಿ ಕಿಂಡಿ ಇದ್ದರೆ ಟಿಪಿ4056ನಂಥ ಚಿಪ್ ಒಳಗೆ ಈ ಕೆಲಸ ಮಾಡುತ್ತದೆ. ಟೈಪ್-ಸಿ ಕಿಂಡಿ ಇದ್ದೂ ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ಲಿನಲ್ಲಿ ಚಾರ್ಜ್ ಆಗದ ಅಗ್ಗದ ಟಾರ್ಚ್‌ಗಳುಂಟು. ಕಿಂಡಿಯಲ್ಲಿ ಇರಬೇಕಾದ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕರು ಉಳಿತಾಯ ಮಾಡಿರುತ್ತಾರೆ. ಒಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ ಇರುವ ಕೇಬಲ್ ಬಳಸಿದರೆ ಅದು ಚಾರ್ಜ್ ಆಗುತ್ತದೆ.

ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಋಣಾಗ್ರದ ಮೇಲೆ ಲಿಥಿಯಂ ಲೋಹವಾಗಿ ಕೂರುತ್ತದೆ. ನಮ್ಮ ಕಡೆ ಆ ಚಿಂತೆ ಇಲ್ಲ; ಇಲ್ಲಿನ ಶತ್ರು ಬಿಸಿಲು. ಪೂರ್ತಿ ಚಾರ್ಜ್ ಮಾಡಿದ ಸೆಲ್ಲನ್ನು ಬೇಸಿಗೆಯಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಅದು ಬಳಸದೆಯೇ ಮುದಿಯಾಗುತ್ತದೆ. ಬಹುದಿನ ಎತ್ತಿಡುವುದಿದ್ದರೆ ಅರ್ಧ ಚಾರ್ಜಿನಲ್ಲಿ, ತಣ್ಣಗಿನ ಜಾಗದಲ್ಲಿಡುವುದು ಒಳ್ಳೆಯದು. ಮನೆಮನೆಯಲ್ಲಿದ್ದ, ಹಿಂಬದಿಯಿಂದ ಪ್ಲಗ್ ಹೊರಬರುವ ರೀಚಾರ್ಜ್ ಟಾರ್ಚ್‌ಗಳ ನಿಯಮ ಇದಕ್ಕೆ ತದ್ವಿರುದ್ಧ. ಅವುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು 4 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ. ಅದು ಖಾಲಿಯಾಗಿ ಕೂತರೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೆಡುತ್ತದೆ, ಹಾಗಾಗಿ ಸದಾ ತುಂಬಿಸಿಡಬೇಕು. ಆ ಅಭ್ಯಾಸವನ್ನೇ ಲಿಥಿಯಂ ಟಾರ್ಚಿಗೂ ತಂದರೆ ಆಯಸ್ಸು ಕಡಿಮೆಯಾಗುತ್ತದೆ.

ಎಲೆಕ್ಟ್ರಾನಿಕ್ ಸ್ವಿಚ್ ಇರುವ ಟಾರ್ಚ್‌ಗಳು ಆರಿಸಿದ್ದಾಗಲೂ ತುಸು ಕರೆಂಟ್ ಕುಡಿಯುತ್ತಿರುತ್ತವೆ. ಹಿಂಬದಿಯ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿಟ್ಟರೆ ಹಲವು ಟಾರ್ಚ್‌ಗಳಲ್ಲಿ ಸಂಪರ್ಕ ಪೂರ್ತಿ ಕಡಿಯುತ್ತದೆ. ಜೇಬಿನಲ್ಲಿ ತಾನಾಗಿ ಹತ್ತಿಕೊಂಡು ಬಟ್ಟೆ ಸುಡುವ ಭಯವೂ ತಪ್ಪುತ್ತದೆ.

ಬೆಳಕಿನ ಲೆಕ್ಕ

ಪೊಟ್ಟಣದ ಮೇಲಿನ ಲ್ಯೂಮೆನ್ ಸಂಖ್ಯೆ ಕೊಳ್ಳುವವರನ್ನು ಸೆಳೆಯುತ್ತದೆ. ಅಮೆರಿಕದಲ್ಲಿ 2009ರಲ್ಲಿ ರೂಪಿಸಿದ ಎಫ್‌ಎಲ್1 ಮಾನದಂಡದ ಪ್ರಕಾರ ಟಾರ್ಚ್ ಹಚ್ಚಿ 30 ಸೆಕೆಂಡಿನ ನಂತರ ಬೆಳಕನ್ನು ಅಳೆಯಬೇಕು; ಅದು ಶೇ. 10ಕ್ಕೆ ಇಳಿಯುವವರೆಗಿನ ಸಮಯವೇ ಬಾಳಿಕೆಯ ಅವಧಿ. ಮೊದಲ ಎರಡು ನಿಮಿಷ 1,000 ಲ್ಯೂಮೆನ್ ಕೊಟ್ಟು ಆಮೇಲೆ 200ಕ್ಕೆ ಇಳಿಯುವ ಟಾರ್ಚ್ ಕೂಡ 1,000 ಲ್ಯೂಮೆನ್ ಎಂದೇ ಮಾರಾಟವಾಗುತ್ತದೆ. ಇಳಿಯಲೇಬೇಕು ಕೂಡ. ಎಲ್‌ಇಡಿಗೆ ಹೋದ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಶಾಖವಾಗುತ್ತದೆ. 10 ವಾಟಿನ ಶಾಖವನ್ನು ಹೆಬ್ಬೆರಳುದ್ದದ ಅಲ್ಯೂಮಿನಿಯಂ ಮೈ ಬಹಳ ಹೊತ್ತು ಹೊರಹಾಕಲಾರದು.

ವಾಟಿಗೆ 100 ಲ್ಯೂಮೆನ್ ಎಂದು ಹಿಡಿದರೆ, 12 ವಾಟ್-ಗಂಟೆಯ ಒಂದು 18650 ಸೆಲ್ 50 ಲ್ಯೂಮೆನ್ ಬೆಳಕನ್ನು ಸುಮಾರು ಒಂದು ಹಗಲು-ರಾತ್ರಿ ಕೊಡುತ್ತದೆ; 14500 ಆದರೆ ಆರು ಗಂಟೆ. ತೋಟದ ದಾರಿ ನಡೆಯಲು 50 ಲ್ಯೂಮೆನ್ ಧಾರಾಳ. ಕರೆಂಟ್ ಕಡಿಮೆಯಾದಂತೆ ಎಲ್‌ಇಡಿಯ ದಕ್ಷತೆ ಏರುವುದರಿಂದ ನಿಜವಾದ ಬಾಳಿಕೆ ಇನ್ನೂ ಹೆಚ್ಚಿದರೆ ಆಶ್ಚರ್ಯವಿಲ್ಲ. ಬೆಳಕು ನಾಲ್ಕು ಪಟ್ಟಾದರೂ ಕಣ್ಣಿಗೆ ನಾಲ್ಕು ಪಟ್ಟು ಅನಿಸುವುದಿಲ್ಲ. ಆದ್ದರಿಂದ ಟಾರ್ಚ್ ಆರಿಸುವಾಗ ಅತಿ ಹೆಚ್ಚಿನ ಬೆಳಕಿಗಿಂತ ಒಳ್ಳೆಯ ಕೆಳಹಂತಗಳಿವೆಯೇ ಎಂದು ನೋಡುವುದು ಮುಖ್ಯ.

ಕೊಳ್ಳುವಿಕೆ ಮತ್ತು ವಿಲೇವಾರಿ

ಬಿಡಿ ಸೆಲ್ಲಿನ ಪೇಟೆಯಲ್ಲಿ ಸುಳ್ಳು ಸಂಖ್ಯೆಗಳು ತುಂಬಿವೆ. 18650 ಸೆಲ್ಲಿನ ಮೇಲೆ 6,000 ಅಥವಾ 9,900 ಮಿಲಿಆಂಪಿಯರ್ ಗಂಟೆ ಎಂದು ಬರೆದಿದ್ದರೆ ಅದು ನಿಜವಾಗಿರಲು ಸಾಧ್ಯವಿಲ್ಲ. ತಕ್ಕಡಿಯೇ ಇದಕ್ಕೆ ಸರಳ ಪರೀಕ್ಷೆ: ಒಳ್ಳೆಯ 18650 ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ತೀರ ಹಗುರವಾಗಿದ್ದರೆ ಒಳಗೆ ಚಿಕ್ಕ ಸೆಲ್ಲೊಂದನ್ನು ಅಡಗಿಸಿರಬಹುದು. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿ ಹೊಸ ಹೊದಿಕೆ ಹಾಕಿದವೂ ಇವೆ. ಸೆಲ್ಲಿನ ಹೊದಿಕೆ ಎಲ್ಲಾದರೂ ಹರಿದಿದ್ದರೆ ಬಳಸಬಾರದು, ಏಕೆಂದರೆ ಅದರ ಇಡೀ ಲೋಹದ ಮೈ ಋಣಾಗ್ರವೇ. ಕೀಲಿಕೈ, ಚಿಲ್ಲರೆ ಇರುವ ಜೇಬಿನಲ್ಲಿ ಬಿಡಿ ಸೆಲ್ ಇಟ್ಟು ತೊಡೆ ಸುಟ್ಟುಕೊಂಡವರಿದ್ದಾರೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಡುವುದು ಕಡ್ಡಾಯ ಎಂದೇ ಭಾವಿಸಬೇಕು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ 2021ರಲ್ಲಿ ಬಿಡಿ 18650 ಸೆಲ್‌ಗಳ ಬಳಕೆಯ ವಿರುದ್ಧ ಸಾರ್ವಜನಿಕ ಎಚ್ಚರಿಕೆಯನ್ನೇ ಕೊಟ್ಟಿತು. ಟಾರ್ಚ್ ತಯಾರಕರೇ ಜೊತೆಗೆ ಕೊಟ್ಟ, ಇಲ್ಲವೇ ಹೆಸರಿಸಿದ ಸೆಲ್ ಬಳಸುವುದು ಸುರಕ್ಷಿತ ದಾರಿ.

ಭಾರತದಲ್ಲಿ ಇಂಥ ಸೆಲ್‌ಗಳಿಗೆ ಬಿಐಎಸ್‌ನ ಐಎಸ್ 16046 ಮಾನದಂಡದ ಅಡಿ ನೋಂದಣಿ ಕಡ್ಡಾಯ. ವಿಮಾನದಲ್ಲಿ ಬಿಡಿ ಲಿಥಿಯಂ ಸೆಲ್‌ಗಳನ್ನು ಕೈಚೀಲದಲ್ಲಿ, ತುದಿಗಳು ಏನನ್ನೂ ತಾಗದಂತೆ ಒಯ್ಯಬೇಕು. ಸರಕಿಗೆ ಹಾಕುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಸತ್ತ ಸೆಲ್ಲಿನಲ್ಲೂ ಶಕ್ತಿ ಉಳಿದಿರುತ್ತದೆ. ಕಸದ ಲಾರಿಯಲ್ಲಿ ಅದು ಜಜ್ಜಿದರೆ ಇಡೀ ಕಸಕ್ಕೆ ಬೆಂಕಿ ಹತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಬಳಸುವವರು ಮಾಡಬೇಕಾದದ್ದು ಇಷ್ಟು: ಎರಡೂ ತುದಿಗೆ ಅಂಟುಪಟ್ಟಿ ಸುತ್ತಿ, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ, ಬಿಡಿಸಿ ನೋಡುವ ಗುಜರಿಯವರ ಕೈಗೂ ಕೊಡದೆ, ಇ-ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಮುಟ್ಟಿಸಬೇಕು. ಹೀಗೆ ಮರಳಿಸುವುದರಲ್ಲಿ ಲಾಭವೂ ಇದೆ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. ಅಂಥ ಬಂಡೆಯಲ್ಲಿ ಲಿಥಿಯಂ ಇರುವುದು ಅತ್ಯಲ್ಪ ಪ್ರಮಾಣದಲ್ಲಿ. ಹಳೆಯ ಸೆಲ್ಲಿನಲ್ಲಾದರೆ ಅದು ಈಗಾಗಲೇ ಬೇರ್ಪಡಿಸಿ ಶುದ್ಧಮಾಡಿದ ರೂಪದಲ್ಲಿ, ಕೋಬಾಲ್ಟ್ ಮತ್ತು ನಿಕಲ್ ಜೊತೆಗೆ ಸಿಗುತ್ತದೆ.